ಒಡೆದ ಹಿಮ್ಮಡಿಯನ್ನು ಹಗುರಾಗಿ ತಿಳಿಯಬೇಡಿ

(ಸಭಾಸದ ರೈತರು ಹಾಗೂ ಅವರ ಮನೆಯ ಹೆಣ್ಣುಮಕ್ಕಳು ಸೇರಿದ ಕೂಟದಲ್ಲಿ ಆರೋಗ್ಯ ಸೇವಕರೊಬ್ಬರು ಮಾಡಿದ ಭಾಷಣ)



ತಾವೆಲ್ಲ ಚಪ್ಪಲಿ ಹೊರಗೆ ಬಿಟ್ಟು ಜಮಖಾನೆಯ ಮೇಲೆ ಕುಳಿತಿದ್ದೀರಿ. ಹೀಗಾಗಿ ಇಲ್ಲಿ ನಿಂತ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ತಮ್ಮ ಕಾಲುಗಳು. ಬೇಸಿಗೆಯಲ್ಲಿ ನಮ್ಮ ಎರೆಭೂಮಿ ಬಿರಿಯುವ ಹಾಗೆ ಎಷ್ಟೋ ಜನರ ಹಿಮ್ಮಡಿ ಬಿರಿದಿವೆ. ಲಾವಣಿ, ಕುಳೆ, ಗೊಬ್ಬರ, ನೀರು ಇವುಗಳ ಬಗ್ಗೆ ತಾವು ತಿಳಿದವರಿಂದ ಬಹಳ ಕೇಳಿದ್ದೀರಿ. ಇಂದು ಕಬ್ಬಿನ ಮಾತು ಬದಿಗಿಟ್ಟು, ಕಬ್ಬು ಬೆಳೆಯುವ ಕೈಕಾಲುಗಳ ಬಗ್ಗೆ ಎರಡು ಮಾತು ಹೇಳಬಯಸುತ್ತೇನೆ.

ಕೈಕಾಲು ಮೆತ್ತಗಿರಬೇಕೆಂಬುದು ಪೇಟೆಯವರ ಶೋಕಿ, ಒಕ್ಕಲಿಗರಿಗೇಕೆ ಎಂದು ನಗುವವರಿದ್ದಾರೆ. ಆದರೆ ಚರ್ಮವು ಮೈಗೆ ಹಾಕಿದ ಬೇಲಿ. ಬೇಲಿಯಲ್ಲಿ ಕಿಂಡಿ ಬಿದ್ದರೆ ದನ ನುಗ್ಗುತ್ತವೆ. ಚರ್ಮದಲ್ಲಿ ಸೀಳು ಬಿದ್ದರೆ ರೋಗಜಂತು ನುಗ್ಗುತ್ತವೆ. ಆದ್ದರಿಂದ ಇದು ಚೆಲುವಿಕೆಯ ಮಾತಲ್ಲ, ದುಡಿಮೆಯ ಮಾತು.

ಮೊದಲು ಕಾರಣ ತಿಳಿಯೋಣ. ಅಂಗೈ ಅಂಗಾಲಿನ ಚರ್ಮ ಮೈಯಲ್ಲೆಲ್ಲ ದಪ್ಪವಾದದ್ದು. ಆದರೆ ಅಲ್ಲಿ ಬೆವರಿನ ಗ್ರಂಥಿಗಳಿವೆಯೇ ಹೊರತು ಜಿಡ್ಡು ಒಸರುವ ಗ್ರಂಥಿಗಳಿಲ್ಲ. ಹೀಗಾಗಿ ಅದು ಬೇಗ ಒಣಗುತ್ತದೆ. ಸೋಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಚಳಿಗಾಲದ ಗಾಳಿ ಒಣಗಾಳಿ. ಕಬ್ಬು ನುರಿಸುವ ಹಂಗಾಮು ಬರುವುದೂ ಅದೇ ತಿಂಗಳುಗಳಲ್ಲಿ. ಕಬ್ಬಿನ ಎಲೆಯ ಅಂಚು ಗರಗಸದಂತೆ, ರವದಿ ಸುಲಿದ ಕೈಯಲ್ಲಿ ನೂರು ಗೀರು. ಹೆಣ್ಣುಮಕ್ಕಳಿಗಂತೂ ಹೊಲದ ಕೆಲಸದ ಮೇಲೆ ಪಾತ್ರೆಯ ಬೂದಿ, ಬಟ್ಟೆಯ ಸೋಡಾ. ಇನ್ನು ಹಿಮ್ಮಡಿಯ ಮಾತು. ಮೈಭಾರ ಬಿದ್ದಾಗ ಹಿಮ್ಮಡಿ ಸುತ್ತಲೂ ಅಗಲವಾಗುತ್ತದೆ. ಹಸಿ ಇದ್ದ ಚರ್ಮ ಹಿಗ್ಗುತ್ತದೆ, ಒಣಗಿದ ಚರ್ಮ ಹಿಗ್ಗಲಾರದೆ ಸೀಳುತ್ತದೆ. ಬರಿಗಾಲಲ್ಲಿ ಅಥವಾ ಹಿಂದೆ ತೆರೆದ ಚಪ್ಪಲಿಯಲ್ಲಿ ನಡೆಯುವವರಿಗೆ ಈ ತೊಂದರೆ ಹೆಚ್ಚು.

ಇದಕ್ಕೆ ಉಪಾಯ ಮನೆಯಲ್ಲಿಯೇ ಇದೆ. ಆದರೆ ಬಹಳ ಜನ ಒಣ ಕಾಲಿಗೆ ಎಣ್ಣೆ ತಿಕ್ಕಿ, ಗುಣ ಕಾಣಲಿಲ್ಲವೆಂದು ಬಿಡುತ್ತಾರೆ. ಚರ್ಮವನ್ನು ಮೆತ್ತಗೆ ಮಾಡುವುದು ನೀರು. ಆ ನೀರು ಆರಿಹೋಗದಂತೆ ಹಿಡಿದಿಡುವುದು ಎಣ್ಣೆ. ಕಬ್ಬಿಗೆ ನೀರು ಹಾಯಿಸಿ ಸಾಲಿನಲ್ಲಿ ರವದಿ ಹೊದಿಸುತ್ತೀರಲ್ಲ, ಇದೂ ಹಾಗೆಯೇ. ನೀರು ಹಾಯಿಸದೆ ಒಣ ನೆಲಕ್ಕೆ ರವದಿ ಹೊದಿಸಿದರೆ ಫಲವೇನು?

ರಾತ್ರಿ ಮಲಗುವ ಮುಂಚೆ ಹೀಗೆ ಮಾಡಿರಿ. ಬುಟ್ಟಿಯಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ಕಾಲನ್ನು 10ರಿಂದ 15 ನಿಮಿಷ ಇಡಿರಿ. ಸತ್ತ ಚರ್ಮ ಮೆತ್ತಗಾದ ಮೇಲೆ ಒರಟು ಬಟ್ಟೆಯಿಂದಾಗಲಿ ಕಾಲು ತಿಕ್ಕುವ ಕಲ್ಲಿನಿಂದಾಗಲಿ ಹಗುರಾಗಿ ತಿಕ್ಕಿರಿ. ಒಂದೇ ದಿನಕ್ಕೆ ಎಲ್ಲ ತೆಗೆಯಬೇಕೆಂಬ ಹಟ ಬೇಡ. ಬೆರಳ ಸಂದುಗಳನ್ನು ಪೂರ್ತಿ ಒಣಗುವಂತೆ ಒರೆಸಿರಿ, ಅಲ್ಲಿ ಎಣ್ಣೆ ಬೇಡ. ಹಿಮ್ಮಡಿ ಇನ್ನೂ ಹಸಿ ಇರುವಾಗಲೇ ಎಣ್ಣೆ ಸವರಿರಿ. ಕೊಬ್ಬರಿ ಎಣ್ಣೆ, ಕುಸುಬಿ ಎಣ್ಣೆ, ಔಡಲ ಎಣ್ಣೆ, ತುಪ್ಪ, ಅಂಗಡಿಯ ವ್ಯಾಸಲೀನ್, ಮನೆಯಲ್ಲಿ ಇದ್ದದ್ದು ನಡೆಯುತ್ತದೆ. ಔಡಲ ಎಣ್ಣೆ ಮಂದವಾದ್ದರಿಂದ ಹೆಚ್ಚು ಹೊತ್ತು ನಿಲ್ಲುತ್ತದೆ. ಮೇಲೆ ಕಾಲುಚೀಲ ಹಾಕಿರಿ, ಇಲ್ಲವೆ ಹಳೆಯ ಧೋತರದ ತುಂಡು ಸುತ್ತಿ ಮಲಗಿರಿ. ಎಣ್ಣೆಗಾಲಿನಲ್ಲಿ ಫರಸಿಯ ಮೇಲೆ ನಡೆದರೆ ಜಾರುವುದುಂಟು, ಎಚ್ಚರ. ಎರಡು ವಾರ ಬಿಡದೆ ಮಾಡಿದರೆ ಸಾದಾ ಸೀಳುಗಳು ಕೂಡುತ್ತ ಬರುತ್ತವೆ. ಆ ಮೇಲೂ ಚಳಿಗಾಲ ಮುಗಿಯುವವರೆಗೆ ಎಣ್ಣೆ ತಪ್ಪಿಸಬಾರದು.

ಮುಲಾಮು ಬೇಕೆನ್ನುವವರು 10 ಗ್ರಾಂ ಜೇನುಮೇಣಕ್ಕೆ 40ರಿಂದ 50 ಗ್ರಾಂ ಎಣ್ಣೆ ಕೂಡಿಸಿ, ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿರಿ. ಪೂರ್ತಿ ತಣ್ಣಗಾಗಿ ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ ಉಪಯೋಗಿಸಿರಿ.

ಕೈ ಒರಟಾಗಿದ್ದರೆ ಒಂದು ಚಮಚ ಸಕ್ಕರೆಗೆ ಒಂದು ಚಮಚ ಎಣ್ಣೆ ಕೂಡಿಸಿ ಒಂದು ನಿಮಿಷ ತಿಕ್ಕಿ ತೊಳೆಯಿರಿ. ನಮ್ಮ ಕಬ್ಬಿನ ಸಕ್ಕರೆಗೆ ಇದೂ ಒಂದು ಉಪಯೋಗ! ಆದರೆ ಗೀರು, ಗಾಯ ಇದ್ದ ಕೈಗೆ ಬೇಡ. ಟ್ರ್ಯಾಕ್ಟರಿನ ಗ್ರೀಸ್ ಹತ್ತಿದರೆ ಚಿಮಣಿ ಎಣ್ಣೆಯಿಂದಾಗಲಿ ಡಿಸೆಲ್‌ದಿಂದಾಗಲಿ ತೊಳೆಯಬೇಡಿ, ಅವು ಚರ್ಮದ ಜಿಡ್ಡನ್ನೆಲ್ಲ ಎಳೆದುಬಿಡುತ್ತವೆ. ಮೊದಲು ಅಡುಗೆ ಎಣ್ಣೆ ತಿಕ್ಕಿ ಬಟ್ಟೆಯಿಂದ ಒರೆಸಿ, ನಂತರ ಸಾಬೂನು ಹಚ್ಚಿರಿ.

ಇನ್ನು ಮಾಡಬಾರದ ಕೆಲಸಗಳು. ಸೀಳಿದ ಚರ್ಮಕ್ಕೆ ಲಿಂಬೆರಸ, ಸುಣ್ಣ, ಸೋಡಾ ಹಚ್ಚಬಾರದು. ಬ್ಲೇಡಿನಿಂದ ಹೆರೆಯಬಾರದು. ಗಾಯಕ್ಕೆ ಸೆಗಣಿ, ಮಣ್ಣು ಮೆತ್ತಲೇಬಾರದು. ಧನುರ್ವಾಯುವಿನ ಬೀಜಗಳು ಇರುವುದೇ ಮಣ್ಣು ಸೆಗಣಿಗಳಲ್ಲಿ. ಕೊಯ್ತಾ ತಾಗಿದಾಗ, ಮೊಳೆ ಚುಚ್ಚಿದಾಗ ಗಾಯ ತೊಳೆದು ಅಂದೇ ದವಾಖಾನೆಗೆ ಹೋಗಿ ಧನುರ್ವಾಯುವಿನ ಸೂಜಿ ಬೇಕೋ ಎಂದು ಕೇಳಿರಿ. ಮತ್ತೊಂದು ಮಾತು: ಔಷಧದ ಅಂಗಡಿಯಲ್ಲಿ ಸಿಗುವ ಹಿಮ್ಮಡಿಯ ಮುಲಾಮುಗಳಲ್ಲಿ ಯೂರಿಯಾ ಇರುವುದು ನಿಜ, ಅದರಿಂದ ಗುಣವೂ ಉಂಟು. ಹಾಗೆಂದು ಗೊಬ್ಬರದ ಚೀಲದ ಯೂರಿಯಾ ಕಲಸಿ ಹಚ್ಚಬೇಡಿ. ಅದು ಹೊಲಕ್ಕೆ ಮಾಡಿದ್ದು, ಮೈಗೆ ಅಲ್ಲ.

ಈಗ ನನ್ನ ಮನೆಯ ಸಂಗತಿಯೊಂದನ್ನು ಹೇಳುತ್ತೇನೆ. ನಮ್ಮ ತಂದೆಯವರು ಬದುಕೆಲ್ಲ ಕಬ್ಬಿನಲ್ಲಿ ದುಡಿದವರು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಒಂದು ಚಳಿಗಾಲದಲ್ಲಿ ಹಿಮ್ಮಡಿ ಆಳವಾಗಿ ಸೀಳಿತು. ಯಾರೋ ಹೇಳಿದರೆಂದು ಮೇಣಬತ್ತಿ ಹೊತ್ತಿಸಿ, ಕರಗಿದ ಮೇಣವನ್ನು ಸೀಳಿನೊಳಗೆ ಹನಿಸಿಕೊಂಡರು. "ನೋಡಪ್ಪಾ, ಒಂದಿಷ್ಟೂ ಉರಿಲಿಲ್ಲ" ಎಂದು ನನ್ನ ಮುಂದೆ ಹೆಮ್ಮೆಯಿಂದ ಹೇಳಿದರು. ನಾನೂ ಆಗ ಸುಮ್ಮನಾದೆ. ಉರಿಯಲಿಲ್ಲ ಎಂಬುದೇ ದೊಡ್ಡ ಅಪಾಯದ ಸೂಚನೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಎಂಟು ದಿನಕ್ಕೆ ಕೀವು ಆಯಿತು, ಕಾಲು ಬಾತಿತು. ಕೊನೆಗೆ ಪಾದವನ್ನೇ ತೆಗೆಯಬೇಕಾಯಿತು. ಆ ಮೇಲೆ ಅವರು ಹೊಲದ ಬದುವಿನ ತನಕ ಬಂದು ಕುಳಿತು ಕಬ್ಬು ನೋಡುತ್ತಿದ್ದರು, ಒಳಗೆ ಇಳಿಯಲಿಲ್ಲ.

ನೋವು ನಮ್ಮ ವೈರಿಯಲ್ಲ, ಕಾವಲುಗಾರ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1946ರಿಂದ ದುಡಿದ ಡಾ. ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠರೋಗಿಗಳ ಕೈಕಾಲು ಹಾಳಾಗುವುದಕ್ಕೆ ನೋವು ತಿಳಿಯದಿರುವುದೇ ದೊಡ್ಡ ಕಾರಣವೆಂದು ತೋರಿಸಿಕೊಟ್ಟರು. ಸಕ್ಕರೆ ಕಾಯಿಲೆಯಲ್ಲಿಯೂ ಬರಬರುತ್ತ ಕಾಲಿನ ನರಗಳು ಮಂದವಾಗುತ್ತವೆ. ಅಂಥವರ ಹಿಮ್ಮಡಿಯ ಸೀಳು ಸಾದಾ ಸೀಳಲ್ಲ.

ನಿಮ್ಮ ಕಾಲಿಗೆ ಸ್ಪರ್ಶ ಇದೆಯೋ ಇಲ್ಲವೋ ಎಂದು ಮನೆಯಲ್ಲಿಯೇ ನೋಡಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು 2011ರಲ್ಲಿ ಪ್ರಕಟಿಸಿದ ಸುಲಭ ಪರೀಕ್ಷೆ ಇದು, ಖರ್ಚಿಲ್ಲ. ಹಿರಿಯರು ಕಣ್ಣು ಮುಚ್ಚಿ ಮಲಗಲಿ. ಮಗನೋ ಸೊಸೆಯೋ ತೋರುಬೆರಳ ತುದಿಯಿಂದ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ, ಒಂದೆರಡು ಸೆಕೆಂಡು, ಹಗುರಾಗಿ ಮುಟ್ಟಲಿ. ಒತ್ತಬಾರದು, ತಿಕ್ಕಬಾರದು, ಒಮ್ಮೆ ಮುಟ್ಟಿದ್ದನ್ನು ಮತ್ತೆ ಮುಟ್ಟಬಾರದು. ಮುಟ್ಟಿದ್ದು ತಿಳಿದಾಗ ಹಿರಿಯರು "ಹೂಂ" ಅನ್ನಲಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ, ರಕ್ತದ ಸಕ್ಕರೆ ನೋಡಿಸಿರಿ.

ಇಂಥ ಕಾಲಿನವರು, ಸಕ್ಕರೆ ಕಾಯಿಲೆ ಇದ್ದವರು ಕಾಲನ್ನು ನೀರಲ್ಲಿ ನೆನೆಯಿಡಬಾರದು, ಕಲ್ಲಿನಿಂದ ತಿಕ್ಕಬಾರದು. ಬೇಗ ತೊಳೆದು, ಒರೆಸಿ, ಎಣ್ಣೆ ಸವರಿದರೆ ಸಾಕು. ನೀರಿನ ಬಿಸಿಯನ್ನು ಕಾಲಿನಿಂದ ನೋಡಬಾರದು, ಮನೆಯ ಬೇರೊಬ್ಬರು ಮೊಳಕೈಯಿಂದ ನೋಡಿ ಹೇಳಬೇಕು. ದಿನಾಲು ಅಂಗಾಲು ನೋಡಿಕೊಳ್ಳಬೇಕು. ಬಗ್ಗಲು ಬಾರದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು. ಬರಿಗಾಲಲ್ಲಿ ನಡೆಯಬಾರದು.

ಉಳಿದವರೂ ಸೀಳಿನಿಂದ ರಕ್ತ, ಕೀವು, ನಾತ, ಬಾವು ಕಂಡರೆ, ಎರಡು ವಾರದ ಆರೈಕೆಗೂ ಮಣಿಯದಿದ್ದರೆ ದವಾಖಾನೆಗೆ ಹೋಗಬೇಕು. ಮೈಮೇಲೆ ಸ್ಪರ್ಶವಿಲ್ಲದ ಮಾಸಲು ಮಚ್ಚೆ ಇದ್ದರೆ ನಾಚಿ ಮುಚ್ಚಿಡಬೇಡಿ. ಕುಷ್ಠರೋಗ ಪೂರ್ತಿ ಗುಣವಾಗುತ್ತದೆ, ಸರಕಾರಿ ದವಾಖಾನೆಯಲ್ಲಿ ಅದರ ಔಷಧ ಪುಕ್ಕಟೆ.

ಕೊನೆಗೊಂದು ವಿನಂತಿ. ಬೀಡ ಕಡೆಯಿಂದ ಕಬ್ಬು ಕಡಿಯಲು ಬರುವ ಟೋಳಿಯವರು ತಿಂಗಳುಗಟ್ಟಲೆ ಜೋಪಡಿಯಲ್ಲಿರುತ್ತಾರೆ. ಅವರ ಕೈಕಾಲು ನಮ್ಮವಕ್ಕಿಂತ ಹೆಚ್ಚು ಸೀಳುತ್ತವೆ. ನಿಮ್ಮ ಹೊಲಕ್ಕೆ ಅವರು ಬಂದ ದಿನ ಒಂದು ಬಾಟಲಿ ಎಣ್ಣೆ ಕೊಡಿರಿ, ಗಾಯವಾದವರನ್ನು ನಿಮ್ಮ ಗಾಡಿಯಲ್ಲಿಯೇ ದವಾಖಾನೆಗೆ ಕರೆದೊಯ್ಯಿರಿ. ಸಹಕಾರವೆಂದರೆ ಇದೂ ಹೌದು.

ಇಂದು ರಾತ್ರಿಯೇ ಮನೆಯ ಹಿರಿಯರ ಕಾಲು ದೀಪದ ಬೆಳಕಿನಲ್ಲಿ ನೋಡಿರಿ. ನಾನು ಅಂದು ನೋಡಲಿಲ್ಲ, ತಾವು ನೋಡಿರಿ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.

ಜೈ ಕಿಸಾನ್, ಜೈ ಸಹಕಾರ.