ವೈದ್ಯ ವಿದ್ಯಾರ್ಥಿಗೆ ಸಂಶೋಧನೆ ಏತಕ್ಕೆ?

(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ಡೊಂಬಿವಲಿಯಿಂದ ಬೆಳಗಿನ ಲೋಕಲಿನಲ್ಲಿ ನಿಂತು ಹೋಗಿ ದುಡಿದು, ಮಕ್ಕಳನ್ನು ಡಾಕ್ಟರಿಕೆ ಓದಿಸುತ್ತಿರುವವರು ನಮ್ಮಲ್ಲಿ ಕೆಲವರಿದ್ದಾರೆ. ಅವರಲ್ಲೊಬ್ಬರು ಇದೇ ಮೇಜಿನ ಬಳಿ ಕುಳಿತು ಕೇಳಿದರು: “ಮಗಳು ಎರಡು ತಿಂಗಳು ಸಂಶೋಧನೆ ಮಾಡುತ್ತಾಳಂತೆ. ಅದರಿಂದ ಮುಂದೆ ಪಿ.ಜಿ. ಸೀಟು ಸಿಗುತ್ತದೆಯೇ?”

ಇದ್ದುದನ್ನು ಇದ್ದಂತೆ ಹೇಳಬೇಕು. ನಮ್ಮ ದೇಶದಲ್ಲಿ ಆ ಸೀಟು ನೀಟ್-ಪಿ.ಜಿ. ಪರೀಕ್ಷೆಯ ಮೇಲೆ ನಿಂತಿದೆ. ಸಂಶೋಧನೆಗೆ ಅಲ್ಲಿ ಒಂದು ಅಂಕವೂ ಇಲ್ಲ. ಅಮೆರಿಕದ ಮಾತು ಬೇರೆ. ಅಲ್ಲಿ ಅರ್ಜಿಯೊಡನೆ ಸಂಶೋಧನೆಯನ್ನೂ ನೋಡುತ್ತಾರೆ. 2022ರಲ್ಲಿ ಮೊದಲ ಹಂತದ ಪರೀಕ್ಷೆಗೆ ಅಂಕ ಹೋಗಿ ಪಾಸು-ನಪಾಸು ಮಾತ್ರ ಉಳಿದ ಮೇಲಂತೂ ಎಲ್ಲರೂ ಅತ್ತ ಓಡುತ್ತಿದ್ದಾರೆ. ಈ ಆಸೆ ಕಂಡು, ಹಣ ಕೊಟ್ಟರೆ ಯಾರದೋ ಲೇಖನಕ್ಕೆ ಹೆಸರು ಸೇರಿಸಿಕೊಡುವ ದಲ್ಲಾಳಿಗಳೂ ಹುಟ್ಟಿದ್ದಾರೆ. ಪ್ರಾವಿಡೆಂಟ್ ಫಂಡು ಮುರಿದು ಅವರ ಕೈಗೆ ಹಾಕಬೇಡಿರಿ.

ಹಾಗಾದರೆ ಲಾಭವೇನು? ನಮ್ಮ ಶಿವಮೊಗ್ಗದ ಕಡೆಯ ಮಂಗನ ಕಾಯಿಲೆಯನ್ನು ನೆನೆಯಿರಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನರು ಜ್ವರದಿಂದ ಮಲಗಿದರು. ಟೈಫಾಯ್ಡ್ ಇರಬೇಕೆಂದು ಔಷಧ ಕೊಟ್ಟು ಸುಮ್ಮನಾಗಬಹುದಿತ್ತು. ಸತ್ತ ಮಂಗಕ್ಕೂ ಮಲಗಿದ ಮನುಷ್ಯನಿಗೂ ಏನು ಸಂಬಂಧವೆಂದು ಕೇಳಿದ್ದರಿಂದ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಹೊಸದೊಂದು ವೈರಸ್ಸು ಸಿಕ್ಕಿತು. ಅದನ್ನು ಹರಡುವುದು ಕಾಡಿನ ಉಣುಗು ಎಂಬುದೂ ತಿಳಿಯಿತು.

ಅಷ್ಟು ದೂರವೇಕೆ? ಕಲ್ವಾದ ಆಸ್ಪತ್ರೆಯಲ್ಲಾಗಲಿ ನೆರೂಳಿನಲ್ಲಾಗಲಿ ಕಲಿಯುವ ಹುಡುಗಿ, ಕ್ಷಯರೋಗಿಯೊಬ್ಬ ಆರು ತಿಂಗಳ ಮಾತ್ರೆಯನ್ನು ಎರಡನೆಯ ತಿಂಗಳಿಗೇ ಏಕೆ ಬಿಟ್ಟನೆಂದು ಕೇಳಲಿ. ಆಸ್ಪತ್ರೆಯ ವೇಳೆಗೂ ಅವನ ಕಾರ್ಖಾನೆಯ ಪಾಳಿಗೂ ಹೊಂದಿಕೆಯಾಗದಿರಬಹುದು. ಅದು ಪಠ್ಯಪುಸ್ತಕದಲ್ಲಿ ಸಿಕ್ಕುವ ಉತ್ತರವಲ್ಲ. ನೂರು ಜನರನ್ನು ಕೇಳಿ, ತನ್ನ ಊಹೆಗೆ ವಿರುದ್ಧವಾದದ್ದನ್ನೂ ಬಿಡದೆ ಬರೆದುಕೊಂಡಾಗ ಸಿಗುತ್ತದೆ.

ಇನ್ನೊಂದು ಮಾತು. ಎಂ.ಡಿ.ಗೆ ಸೇರಿದ ಮೇಲೆ ಪ್ರಬಂಧ ಬರೆಯಲೇಬೇಕು. ಹಗಲಿರುಳು ವಾರ್ಡಿನಲ್ಲಿ ದುಡಿಯುವಾಗ, ಮೊದಲೇ ಅಭ್ಯಾಸವಿಲ್ಲದವನ ಕೈ ಹಳೆಯ ಪ್ರಬಂಧದ ನಕಲಿಗೆ ಹೋಗುತ್ತದೆ. ಸುಳ್ಳು ಲೆಕ್ಕ ಬರೆಯಲು ಕಲಿತ ವೈದ್ಯನ ಮುಂದೆ ಮಲಗುವವರು ನಾವೇ ಅಲ್ಲವೇ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1979ರಲ್ಲಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗಾಗಿ ಎರಡು ತಿಂಗಳ ಸಂಶೋಧನಾ ವೇತನವನ್ನು ಆರಂಭಿಸಿತು. ಕಾಲೇಜಿನ ಅಧ್ಯಾಪಕರೊಬ್ಬರು ಮಾರ್ಗದರ್ಶಕರಾಗಬೇಕು. ವರದಿ ಒಪ್ಪಿತವಾದರೆ ಹಣ ಬರುತ್ತದೆ, ನಾವು ಕೊಡಬೇಕಾದುದಿಲ್ಲ. ಆ ಮಿತ್ರರಿಗೆ ಇದನ್ನೇ ಹೇಳಿದೆವು. ಒಂದೇ ಕೋಣೆಯ ಮನೆ, ಮಗಳಿಗೆ ಕುಳಿತು ಬರೆಯಲು ಜಾಗವಿಲ್ಲವೆಂದರು. ಕಿಟಕಿಯ ಪಕ್ಕದ ಮೇಜನ್ನು ಸಂಜೆ ಆಕೆಗೆ ಬಿಟ್ಟುಕೊಡಲು ನಿಮ್ಮೆಲ್ಲರ ಒಪ್ಪಿಗೆ ಬೇಕು.