ಅಕ್ಷರದ ಸುತ್ತಲಿನ ಜಾಗ

ವಿನ್ಯಾಸ ಎಂದ ಕೂಡಲೇ ನಮಗೆ ಬಣ್ಣ, ಬಳ್ಳಿ, ಹೂವು ನೆನಪಾಗುತ್ತವೆ. ಇವತ್ತು ಅವನ್ನು ಬದಿಗಿಟ್ಟು ಬರೀ ಅಕ್ಷರ ನೋಡೋಣ. ಮನೆಗೆ ಬಂದ ಎರಡು ಮೂರು ಲಗ್ನಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು, ಕಣ್ಣು ಅರ್ಧ ಮುಚ್ಚಿ ನೋಡಿ. ಮೊದಲು ಎದ್ದು ಕಾಣುವುದು ಯಾವುದು? ವಧೂವರರ ಹೆಸರೋ, ಮುಹೂರ್ತವೋ, ಛತ್ರದ ವಿಳಾಸವೋ? ಎಲ್ಲವೂ ಒಂದೇ ಸಮನೆ ಕೂಗುತ್ತಿದ್ದರೆ ಆ ಪತ್ರಿಕೆ ಸೋತಂತೆ. ಮುಹೂರ್ತ ಮೀರುತ್ತಿರುವಾಗ ಛತ್ರದ ಹೆಸರು ಹುಡುಕಿದವರಿಗೆ ಇದನ್ನು ನಾನು ವಿವರಿಸಬೇಕಿಲ್ಲ.

ಒಂದು ಹೆಸರು ಎದ್ದು ಕಾಣಬೇಕಾದರೆ ಅದರ ಸುತ್ತ ಖಾಲಿ ಜಾಗ ಬೇಕು. ಕನ್ನಡ ಲಿಪಿಯಲ್ಲಂತೂ ಈ ಜಾಗಕ್ಕೆ ತುಂಬಾ ಕೆಲಸವಿದೆ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಅಡಿಯಲ್ಲಿರುವ ಒಂದು ಸಣ್ಣ ಸೀಳು, ಅಷ್ಟೇ. ಡ-ಢ, ಬ-ಭ ಜೋಡಿಗಳೂ ಹಾಗೆಯೇ. ದೂರಕ್ಕೆ ಕಾಣಲಿ ಎಂದು ಅಕ್ಷರವನ್ನು ದಪ್ಪ ಮಾಡುತ್ತಾ ಹೋದರೆ ಆ ಸೀಳು ಮುಚ್ಚಿಕೊಳ್ಳುತ್ತದೆ. ಲಕ್ಷ್ಮಿಯ ಧನ ಕೊಟ್ಟಿಗೆಯ ದನವಾಗುತ್ತದೆ. ಇನ್ನು ಒತ್ತಕ್ಷರ. 'ರಾಷ್ಟ್ರ' ಎಂದು ಬರೆದು ನೋಡಿ, ಟಕಾರ ರಕಾರ ಎರಡೂ ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಕೆಳಗೆ ಇಳಿಯುವ ಗೋಜು ಹೆಚ್ಚಿಲ್ಲ. ಆ ಅಳತೆಯ ಸಾಲುಗಳಲ್ಲಿ ಕನ್ನಡವನ್ನು ತುರುಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಎರಡು ಭಾಷೆಯ ಬೋರ್ಡುಗಳಲ್ಲಿ ಕನ್ನಡ ಉಸಿರುಗಟ್ಟಿದಂತೆ ಕಾಣುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ತಪ್ಪು ಲಿಪಿಯದಲ್ಲ.

ಕೈಯಲ್ಲಿ ಬರೆಯುವಾಗ ಈ ಇಕ್ಕಟ್ಟು ಕಡಿಮೆ. 1843ರಲ್ಲಿ ಮಂಗಳೂರಿನಿಂದ ಹೊರಟ 'ಮಂಗಳೂರ ಸಮಾಚಾರ' ಕಲ್ಲಚ್ಚಿನ ಪತ್ರಿಕೆ. ಕಲ್ಲಚ್ಚಿನಲ್ಲಿ ಕೈಬರಹವೇ ಮುದ್ರಣವಾಗುತ್ತದೆ. ಬರೆಯುವ ಕೈ ಒತ್ತು ಬಂದಲ್ಲಿ ತಾನಾಗಿ ಜಾಗ ಬಿಡುತ್ತದೆ. ಬೋರ್ಡು ಬರೆಯುವ ಪೇಂಟರುಗಳೂ ಮೊದಲು ಚಾಕ್‌ಪೀಸಿನಲ್ಲಿ ಗೆರೆ ಹಾಕಿ, ಅಕ್ಷರ ಗುರುತು ಮಾಡಿಕೊಂಡು, ಆಮೇಲೆ ಬಣ್ಣ ಮುಟ್ಟುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಆ ನಡುವಿನ ಹಂತವೇ ಮಾಯವಾಯಿತು. ಹಳೆಯದೆಲ್ಲ ಚೆನ್ನ ಎನ್ನುವವನು ನಾನಲ್ಲ. ಆದರೂ ಬೋರ್ಡಿನ ವಿಷಯದಲ್ಲಿ ನನ್ನ ಓಟು ಪೇಂಟರಿಗೇ.

ಕಣ್ಣು ಪಳಗಬೇಕಾದರೆ ಬರೀ ನೋಡಿದರೆ ಸಾಲದು, ಬರೆಯಬೇಕು. ನಿಮಗೆ ಇಷ್ಟವಾದ ಒಂದು ಪುಸ್ತಕದ ಹೊದಿಕೆಯ ಹೆಸರನ್ನು ಪೆನ್ಸಿಲಿನಲ್ಲಿ ನಕಲು ಮಾಡಿ. ಆಮೇಲೆ ಹಾಳೆಯನ್ನು ತಲೆಕೆಳಗು ಹಿಡಿಯಿರಿ. ಓದುವ ಅಭ್ಯಾಸ ತಪ್ಪಿ ಬರೀ ಆಕಾರ ಉಳಿಯುತ್ತದೆ. ಎಲ್ಲಿ ಇಕ್ಕಟ್ಟು, ಎಲ್ಲಿ ಸಡಿಲ ಎಂಬುದು ಆಗ ತಿಳಿಯುತ್ತದೆ.

ಅಂಗಡಿಗೋ ಸಂಘಕ್ಕೋ ಬೋರ್ಡು ಮಾಡಿಸುವವರು ಕಂಪ್ಯೂಟರ್ ಪರದೆಯ ಮೇಲೆ ನೋಡಿ ಒಪ್ಪಬೇಡಿ. ಕಾಗದದ ಮೇಲೆ ಒಂದು ಪ್ರತಿ ತೆಗೆಸಿ, ಗೋಡೆಗೆ ಅಂಟಿಸಿ, ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಓದಿ. ಹಣ ಕೊಡುವುದು ಆಮೇಲೆ.