ಪ್ರತಿಕಾಯಕ್ಕೊಂದು ಪಾಟೀಸವಾಲು



ಜೀವಕೋಶದ ಬಗ್ಗೆ ಬರೆದ ಯಾವ ಪಠ್ಯಪುಸ್ತಕ ತೆರೆದರೂ ಒಂದು ಚಿತ್ರ ಎದುರಾಗುತ್ತದೆ. ಕಪ್ಪು ಹಿನ್ನೆಲೆ, ನಡುವೆ ನೀಲಿ ಕೋಶಕೇಂದ್ರ, ಅಲ್ಲಿಂದ ಅಂಚಿನವರೆಗೆ ಹರಡಿದ ಹಸಿರು ಎಳೆಗಳು. ಕೆಳಗೆ ‘ಮೈಕ್ರೋಟ್ಯೂಬ್ಯೂಲ್‌ಗಳು’ ಎಂಬ ಅಡಿಬರಹ. ಇವತ್ತಿನ ನನ್ನ ಮಾತೆಲ್ಲ ಆ ಅಡಿಬರಹದ ಮೇಲಿನ ತಕರಾರು. ಹಸಿರು ಮೈಕ್ರೋಟ್ಯೂಬ್ಯೂಲಿನದಲ್ಲ. ಅದಕ್ಕೆ ಅಂಟಿದ ಇಲಿಯ ಪ್ರತಿಕಾಯದ್ದೂ ಅಲ್ಲ. ಆ ಪ್ರತಿಕಾಯವನ್ನು ಹಿಡಿದುಕೊಂಡ ಮೇಕೆಯ ಪ್ರತಿಕಾಯಕ್ಕೆ ಕಟ್ಟಿದ ಬಣ್ಣದ್ದು.

ಆಲ್ಫಾ, ಬೀಟಾ ಎಂಬ ಎರಡು ಬಗೆಯ ಟ್ಯುಬುಲಿನ್ ಪ್ರೋಟೀನುಗಳು ಜೋಡಿಯಾಗಿ ಸಾಲುಗಟ್ಟುತ್ತವೆ. ಸಾಮಾನ್ಯವಾಗಿ 13 ಸಾಲುಗಳು ಪಕ್ಕಪಕ್ಕ ನಿಂತರೆ ಒಂದು ಟೊಳ್ಳು ನಾಳ; ಅದೇ ಮೈಕ್ರೋಟ್ಯೂಬ್ಯೂಲ್. ಅದರ ಹೊರ ಅಗಲ ಸುಮಾರು 25 ನ್ಯಾನೋಮೀಟರ್. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಬೇರ್ಪಡಿಸಿ ತೋರಿಸಲಾಗದು. ಎರಡು ಪದರ ಪ್ರತಿಕಾಯ ಮೆತ್ತಿದ ಮೇಲೆ ನಾಳದ ದಪ್ಪವೇ 60 ನ್ಯಾನೋಮೀಟರಿನ ಆಸುಪಾಸಿಗೆ ಬರುತ್ತದೆ. ದಸರೆಯ ರಾತ್ರಿ ಮೈಸೂರು ಅರಮನೆಯ ಆಕಾರವನ್ನು ನಾವು ಕಾಣುವುದು ಬಲ್ಬುಗಳ ಸಾಲಿನಿಂದ. ಬಲ್ಬು ಕಟ್ಟದ ಗೋಡೆ ಆ ಹೊತ್ತಿಗೆ ಇಲ್ಲದಂತೆಯೇ. ಕೋಶದ ಚಿತ್ರವೂ ಅಂಥದ್ದೇ.

ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಬಹುದೆಂದು ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ತೋರಿಸಿದ್ದು 1941ರಲ್ಲಿ. ಕೋಶದ ಅಸ್ಥಿಪಂಜರಕ್ಕೆ ಆ ಬೆಳಕು ತಾಕಲು ಮೂರು ದಶಕ ಬೇಕಾಯಿತು. ತಡವಾದದ್ದಕ್ಕೆ ಒಂದು ಕಾರಣ ಸ್ವಾರಸ್ಯಕರ: ಆ ಅಸ್ಥಿಪಂಜರದ ಪ್ರೋಟೀನುಗಳಾದ ಆಕ್ಟಿನ್, ಟ್ಯುಬುಲಿನ್‌ಗಳು ಪ್ರಾಣಿಯಿಂದ ಪ್ರಾಣಿಗೆ ಹೆಚ್ಚೇನೂ ಬದಲಾಗಿಲ್ಲ. ಮೊಲಕ್ಕೆ ಇಲಿಯ ಆಕ್ಟಿನ್ ಚುಚ್ಚಿದರೆ ಅದರ ದೇಹಕ್ಕೆ ಪರಕೀಯ ಅನ್ನಿಸುವುದೇ ಕಷ್ಟ. 1974ರಲ್ಲಿ ಎಲಿಯಾಸ್ ಲಝಾರಿಡಿಸ್ ಮತ್ತು ಕ್ಲಾಸ್ ವೆಬರ್ ಮಾರ್ಜಕ ಬೆರೆಸಿ, ಮಡಿಕೆ ಬಿಚ್ಚಿದ ಆಕ್ಟಿನ್ನನ್ನು ಜೆಲ್‌ನಲ್ಲಿ ಬೇರ್ಪಡಿಸಿ ಮೊಲಗಳಿಗೆ ಕೊಟ್ಟರು. ಪ್ರತಿಕಾಯ ಹುಟ್ಟಿತು, ಸ್ನಾಯುವಲ್ಲದ ಕೋಶಗಳಲ್ಲೂ ಆಕ್ಟಿನ್ ಎಳೆಗಳು ಕಂಡವು. ಮರುವರ್ಷವೇ ಟ್ಯುಬುಲಿನ್ ಸರದಿ.

ಅದೇ 1975ರಲ್ಲಿ ಕೇಂಬ್ರಿಡ್ಜಿನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಇಲಿಯ ಗುಲ್ಮದ ಕೋಶವನ್ನು ಕ್ಯಾನ್ಸರ್ ಕೋಶದೊಂದಿಗೆ ಬೆಸೆದು ಹೈಬ್ರಿಡೋಮಾ ಮಾಡಿದರು. ಮುಂದೆ 1984ರ ನೊಬೆಲ್‌ನಲ್ಲಿ ಇನ್ನೊಬ್ಬ ವಿಜ್ಞಾನಿ ಯೆರ್ನೆ ಜತೆ ಇವರಿಗೂ ಪಾಲು ಸಿಕ್ಕಿತು. ಮೊಲದ ರಕ್ತದಲ್ಲಿ ನಾನಾ ಪ್ರತಿಕಾಯಗಳ ಕಲಸುಮೇಲೋಗರ. ಹೈಬ್ರಿಡೋಮಾ ಕೊಡುವುದು ಒಂದೇ ಬಗೆ, ಅದೂ ವರ್ಷಗಟ್ಟಲೆ. ಇಂದು ಪ್ರಯೋಗಾಲಯಗಳ ಫ್ರಿಜ್‌ಗಳಲ್ಲಿ ಸರ್ವೇಸಾಮಾನ್ಯವಾದ ಡಿಎಂ1ಎ ಎಂಬ ಟ್ಯುಬುಲಿನ್ ಪ್ರತಿಕಾಯ ಹೀಗೆ ಕೋಳಿಯ ಮೆದುಳಿನ ಮೈಕ್ರೋಟ್ಯೂಬ್ಯೂಲ್ ಚುಚ್ಚಿದ ಇಲಿಯಿಂದ ಬಂದದ್ದು. 1984ರಲ್ಲಿ ಬ್ಲೋಸ್ ಮತ್ತು ಸಂಗಡಿಗರು ಇಂಥ ಪ್ರತಿಕಾಯಗಳನ್ನು ಬದುಕಿರುವ ಕೋಶದೊಳಕ್ಕೇ ಚುಚ್ಚಿದಾಗ, 10 ನ್ಯಾನೋಮೀಟರ್ ದಪ್ಪದ ಬೇರೊಂದು ಜಾತಿಯ ಎಳೆಗಳು ಕುಸಿದವು. ನೋಡಲು ಕಳಿಸಿದವನು ಮನೆಯನ್ನೇ ಅಲುಗಾಡಿಸಿ ಬಂದ!

ಡಿಎಂ1ಎ ಗುರುತಿಸುವುದು ಇಡೀ ಟ್ಯುಬುಲಿನ್ನನ್ನಲ್ಲ. ಸುಮಾರು 450 ಅಮೈನೋ ಆಮ್ಲಗಳ ಆಲ್ಫಾ ಸರಪಳಿಯಲ್ಲಿ, ಬಾಲದ ಹತ್ತಿರ, 426ರಿಂದ 430ರವರೆಗಿನ ತುಣುಕನ್ನು. ಆ ತುಣುಕು ಮುಚ್ಚಿಹೋಗಿದ್ದರೆ ಟ್ಯುಬುಲಿನ್ ಇದ್ದೂ ಕತ್ತಲೆ. ಹಾಗಾಗಿ ಕೋಶವನ್ನು ಸಾಯಿಸಿ ಸ್ಥಿರಗೊಳಿಸುವ ಹಂತವೇ ಅರ್ಧ ಪ್ರಯೋಗ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಮೆಥನಾಲ್ ಒಳ್ಳೆಯದೇ. ಆದರೆ ಅದಕ್ಕೂ ಮುನ್ನ ತಟ್ಟೆಯನ್ನು ಐಸ್ ಮೇಲೆ ಇಟ್ಟಿರಬಾರದು; ತಣ್ಣಗಾದರೆ ಹೆಚ್ಚಿನ ಮೈಕ್ರೋಟ್ಯೂಬ್ಯೂಲ್‌ಗಳು ಕಳಚಿಕೊಳ್ಳುತ್ತವೆ. ಆಮೇಲೆ ಪ್ರತಿಕಾಯ ಮಾರಿದವರನ್ನು ಬೈದು ಪ್ರಯೋಜನವಿಲ್ಲ.

ಪ್ರತಿಕಾಯವೆಂಬ ಈ ಸಾಕ್ಷಿಗೆ ಪಾಟೀಸವಾಲು ಹಾಕುವುದು ಹೇಗೆ? ಮೊದಲ ಪ್ರತಿಕಾಯವನ್ನು ಬಿಟ್ಟು ಎರಡನೆಯದನ್ನಷ್ಟೇ ಹಾಕಿದ ಗಾಜು ಕಪ್ಪಗಿರಬೇಕು. ಜೆಲ್‌ನಲ್ಲಿ ತೂಕದಂತೆ ಬೇರ್ಪಡಿಸಿದ ಪ್ರೋಟೀನುಗಳ ನಡುವೆ ಪ್ರತಿಕಾಯ 50,000 ಡಾಲ್ಟನ್ ಹತ್ತಿರ ಒಂದೇ ಪಟ್ಟಿ ತೋರಿಸಬೇಕು. ಎಲ್ಲಕ್ಕಿಂತ ಕಠಿಣ ಪರೀಕ್ಷೆ ಪ್ರತಿಕಾಯ ಗುರುತಿಸಬೇಕಾದ ಪ್ರೋಟೀನಿನ ಜೀನ್ ತೆಗೆದ ಕೋಶ; ಅಲ್ಲಿ ಏನೂ ಹೊಳೆಯಬಾರದು. ನರಗಳಿಗೆ ಸಂಬಂಧಿಸಿದ 65 ಪ್ರೋಟೀನುಗಳಿಗೆಂದು ಮಾರಾಟವಾಗುವ 614 ಪ್ರತಿಕಾಯಗಳನ್ನು ಅಂಥ ಕೋಶಗಳಲ್ಲಿ ಪರೀಕ್ಷಿಸಿದ 2023ರ ವರದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದಲ್ಲ ಒಂದು ಪರೀಕ್ಷೆಯಲ್ಲಿ ಸೋತವು. ಟ್ಯುಬುಲಿನ್‌ಗೆ ಈ ದಾರಿ ಮುಚ್ಚಿದೆ. ಅದಿಲ್ಲದೆ ಕೋಶ ವಿಭಜನೆಯಾಗದು. ಮೇಲಾಗಿ ಆಲ್ಫಾ ಟ್ಯುಬುಲಿನ್‌ಗೆ ಜೀನ್‌ಗಳೂ ಹಲವು.

ಉಳಿದ ದಾರಿ ಕಾಲ್ಚಿಸಿನ್, ನಮ್ಮ ಬೇಲಿಯ ಅಗ್ನಿಶಿಖೆಯ ಗಡ್ಡೆಯಲ್ಲೂ ಇರುವ ವಿಷ. ಅದು ಟ್ಯುಬುಲಿನ್‌ಗೆ ಅಂಟಿ ನಾಳ ಕಟ್ಟದಂತೆ ತಡೆಯುತ್ತದೆ. ಕಾಲ್ಚಿಸಿನ್ ಹಾಕಿದ ಮೇಲೂ ಎಳೆಗಳು ಮೊದಲಿನಂತೆಯೇ ಹೊಳೆದರೆ ಅನುಮಾನಪಡಬೇಕು. ಇದರಲ್ಲೂ ಒಂದು ತೊಡಕಿದೆ. ಬಿಡಿ ಟ್ಯುಬುಲಿನ್ ಹೆಚ್ಚಾದರೆ ಕೋಶ ಅದರ ಉತ್ಪಾದನೆಯನ್ನೇ ತಗ್ಗಿಸುತ್ತದೆ. ಆದ್ದರಿಂದ ಕಾಲ್ಚಿಸಿನ್ ಪ್ರಯೋಗದಲ್ಲಿ, ಬೇರೆ ಪ್ರೋಟೀನುಗಳನ್ನು ಅಳೆಯಲು ಟ್ಯುಬುಲಿನ್ ಪಟ್ಟಿಯನ್ನೇ ಮಾನದಂಡ ಮಾಡಿಕೊಳ್ಳುವ ರೂಢಿ ನನಗೆ ಒಪ್ಪಿಗೆಯಿಲ್ಲ.

ಇನ್ನೂ ಬಿಗಿಯಾದ ಗಂಟು 6-11ಬಿ-1 ಎಂಬ ಪ್ರತಿಕಾಯದ್ದು. ಅದು ಹುಡುಕುವುದು ಆಲ್ಫಾ ಟ್ಯುಬುಲಿನ್ನಿನ 40ನೇ ಸ್ಥಾನದ ಲೈಸಿನ್‌ಗೆ ಸೇರಿದ ಅಸಿಟೈಲ್ ಗುಂಪನ್ನು. ಆ ಲೈಸಿನ್ ಇರುವುದು ನಾಳದ ಒಳಗೋಡೆಯಲ್ಲಿ. ಒಳರಂಧ್ರ 15 ನ್ಯಾನೋಮೀಟರಿನ ಸುಮಾರು. ಪ್ರತಿಕಾಯದ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ನಾಳದ ತೆರೆದ ತುದಿಯಿಂದಲೋ, ಗೋಡೆ ಬಿರುಕುಬಿಟ್ಟ ಕಡೆಯೋ ಅದು ನುಗ್ಗಬೇಕು. ಹಸಿರು ಎಳೆ ನಡುನಡುವೆ ಕಡಿದಂತೆ ಕಂಡರೆ, ಅಲ್ಲಿ ಅಸಿಟೈಲ್ ಇರಲಿಲ್ಲವೋ, ಪ್ರತಿಕಾಯಕ್ಕೆ ದಾರಿ ಸಿಗಲಿಲ್ಲವೋ, ಆ ಒಂದು ಚಿತ್ರವನ್ನಷ್ಟೇ ನೋಡಿ ತೀರ್ಮಾನಿಸಲಾಗದು.